ಮಾಗಿಯ ಹೂವು, ಅಟ್ಟದ ಗಂಗಾಳ



ಮಾಗಿ ಕಾಲಿಟ್ಟಿತೆಂದರೆ ದಾವಣಗೆರೆಯ ಹೂವಿನ ಪೇಟೆಯ ಬಣ್ಣವೇ ಬೇರೆಯಾಗುತ್ತದೆ. ಬೇಸಿಗೆಯಲ್ಲಿ ಬುಟ್ಟಿ ಬುಟ್ಟಿಯಾಗಿ ಬರುತ್ತಿದ್ದ ದುಂಡುಮಲ್ಲಿಗೆ ಚಳಿಗೆ ಹಿಂದೆಗೆಯುತ್ತದೆ. ಬಂದಷ್ಟು ಹೂವಿಗೆ ಮಾರುವವರು ಹೇಳಿದ್ದೇ ಬೆಲೆ. ಅದರ ಸ್ಥಾನವನ್ನು ಸೇವಂತಿಗೆ, ಚೆಂಡುಹೂವು, ಕಾಕಡ, ಕನಕಾಂಬರಗಳು ತುಂಬುತ್ತವೆ. ಹಿತ್ತಲಿರುವ ಮನೆಗಳಲ್ಲಿ ಗೋರಂಟೆಯೂ ಡೇರೆಯೂ ಅರಳುತ್ತವೆ. ಸೇವಂತಿಗೆಯು ಈ ಕಾಲದಲ್ಲಿಯೇ ಅರಳುವುದಕ್ಕೆ ಕಾರಣವಿದೆ. ಹಗಲು ಕುಗ್ಗಿ ಇರುಳು ದೀರ್ಘವಾದಾಗ ಮಾತ್ರ ಮೊಗ್ಗು ಕಟ್ಟುವುದು ಆ ಗಿಡದ ಸ್ವಭಾವ. ಆದಕಾರಣವೇ ಬೇರೆ ಋತುವಿನಲ್ಲಿ ಹೂವು ಬೇಕೆನ್ನುವ ಬೆಳೆಗಾರರು ಹೊಲದಲ್ಲಿ ರಾತ್ರಿ ದೀಪ ಉರಿಸಿ ಗಿಡಕ್ಕೆ ಹಗಲಿನ ಭ್ರಮೆ ಹುಟ್ಟಿಸಿ, ಮೊಗ್ಗನ್ನು ತಡೆದು, ತಮಗೆ ಬೇಕಾದ ಕಾಲಕ್ಕೆ ಅರಳಿಸುತ್ತಾರೆ. ಕತ್ತಲೆ ಹೆಚ್ಚಿದಾಗ ಅರಳುವ ಹೂವು ಮಾಗಿಯ ಮನೆಗೆ ಒಂದು ಬೆಳಕೇ ಸರಿ.

ಈ ಹೂವನ್ನು ಕುರಿತೇ ಪಿ.ಜೆ. ಬಡಾವಣೆಯ ಸದ್ಭಕ್ತರ ಮನೆಯೊಂದರಲ್ಲಿ ಕಳೆದ ಸಂಕ್ರಾಂತಿಗೆ ಮುನ್ನ ಒಂದು ಸಣ್ಣ ವಿವಾದ ಹುಟ್ಟಿತು. ಹಬ್ಬದ ದಿನ ಹನ್ನೊಂದು ಮಂದಿಯ ಪ್ರಸಾದದ ವ್ಯವಸ್ಥೆ, ನಮಗೂ ಬಿನ್ನಹವಿತ್ತು. ಆ ಮನೆಯ ಸೊಸೆ ಓದಿದ ಹೆಣ್ಣುಮಗಳು, ನೌಕರಿಯಲ್ಲಿರುವವಳು. ಊಟದ ಮೇಜಿನ ನಡುವೆ ಸೇವಂತಿಗೆಯನ್ನು ಜೋಡಿಸಿ, ಅಟ್ಟದ ಮೇಲೆ ಗೋಣಿಯಲ್ಲಿ ಕಟ್ಟಿಟ್ಟಿದ್ದ ಕಂಚಿನ ಗಂಗಾಳ, ಹಿತ್ತಾಳೆಯ ತಂಬಿಗೆ, ಬೆಳ್ಳಿಯ ಮಿಳ್ಳೆಗಳನ್ನು ಇಳಿಸಿ ಅವುಗಳಲ್ಲಿಯೇ ಬಡಿಸಬೇಕೆಂಬುದು ಅವಳ ಆಸೆ. ಅತ್ತೆಗೆ ಅದು ಒಪ್ಪಿಗೆಯಾಗಲಿಲ್ಲ. ಹೂವು ಲಿಂಗಕ್ಕೆ ಏರಬೇಕು, ಇಲ್ಲವೆ ಮುಡಿಗೆ ಏರಬೇಕು. ಎಂಜಲಾಗುವ ಮೇಜಿಗೆ ಹೂವೇಕೆ? ಅಟ್ಟದ ಪಾತ್ರೆಗಳು ಅಟ್ಟದಲ್ಲಿಯೇ ಇರಲಿ. ಇದು ಮನೆ, ಹೋಟೆಲಲ್ಲ. ಇದು ಹಿರಿಯರ ವಾದ. ಮನೆಗೆ ಬಂದವರನ್ನು ಚೆಲುವಾಗಿ ಉಪಚರಿಸಿದರೆ ಆಚಾರಕ್ಕೆ ಯಾವ ಭಂಗ ಎಂಬುದು ಕಿರಿಯಳ ಪ್ರಶ್ನೆ. ಹಬ್ಬಕ್ಕೆ ಎರಡು ದಿನ ಮುಂಚೆ ಇಬ್ಬರೂ ನಮ್ಮನ್ನು ಕರೆಸಿ ನಿರ್ಣಯ ಕೇಳಿದರು. ಇಂತಹ ಪ್ರಶ್ನೆ ಅನೇಕ ಮನೆಗಳಲ್ಲಿ ಏಳುತ್ತಿರುವುದರಿಂದ ಅಂದು ಆಡಿದ ಮಾತನ್ನು ಈ ಅಂಕಣದಲ್ಲಿ ಸ್ವಲ್ಪ ವಿಸ್ತರಿಸುತ್ತಿದ್ದೇವೆ.

ಮೊದಲು ಮೇಜಿನ ಮಾತು. ನೆಲದ ಮೇಲೆ ಕುಳಿತು ಉಣ್ಣುವುದು ನಮ್ಮ ಪದ್ಧತಿ, ಮೇಜು ಪರಕೀಯರದು ಎಂದು ಹಲವರು ಹೇಳುತ್ತಾರೆ. ಆದರೆ ನಮ್ಮ ಹಿರಿಯರ ಮನೆಗಳಲ್ಲಿಯೂ ಮಠಗಳಲ್ಲಿಯೂ ಪ್ರಸಾದದ ತಳಿಗೆಯನ್ನು ಬರಿಯ ನೆಲದ ಮೇಲೆ ಇಡುತ್ತಿರಲಿಲ್ಲ. ಅಡ್ಡಣಿಗೆಯ ಮೇಲೆ ಇಡುತ್ತಿದ್ದರು. ಅಡ್ಡಣಿಗೆಯೆಂದರೆ ಮೂರು ಕಾಲುಗಳ ಪುಟ್ಟ ಪೀಠ; ಹಿತ್ತಾಳೆಯದೂ ಉಂಟು, ಮರದ್ದೂ ಉಂಟು. ಅದನ್ನು ಇಡುವುದರಲ್ಲಿ ಒಂದು ಭಾವವಿತ್ತು. ಪದಾರ್ಥವು ಲಿಂಗಕ್ಕೆ ಅರ್ಪಿತವಾದ ಮೇಲೆ ಅದು ಕೇವಲ ಅನ್ನವಾಗಿ ಉಳಿಯುವುದಿಲ್ಲ, ಪ್ರಸಾದವಾಗುತ್ತದೆ. ಪ್ರಸಾದಕ್ಕೆ ಪೀಠ ಬೇಕು. ಉಂಡ ಬಳಿಕ ತಳಿಗೆಯನ್ನು ತೊಳೆದು ಆ ನೀರನ್ನೂ ಕುಡಿಯುವ ಹಿರಿಯರನ್ನು ನಮ್ಮ ಓದುಗರಲ್ಲಿ ಎಷ್ಟೋ ಮಂದಿ ಕಂಡಿದ್ದೀರಿ. ಒಂದು ಅಗುಳೂ ವ್ಯರ್ಥವಾಗಬಾರದೆಂಬ ನಿಷ್ಠೆ ಅದು. ಈ ದೃಷ್ಟಿಯಿಂದ ನೋಡಿದರೆ ಊಟದ ಮೇಜು ಎತ್ತರವಾದ ಅಡ್ಡಣಿಗೆ. ಮೊಣಕಾಲು ನೋವಿನ ಹಿರಿಯರಿಗೆ ಅದು ಉಪಕಾರವನ್ನೂ ಮಾಡುತ್ತದೆ. ಪೀಠವನ್ನು ಶುಚಿಗೊಳಿಸಿ ಸಿಂಗರಿಸುವುದು ನಮಗೆ ಹೊಸದಲ್ಲ. ಅಡ್ಡಣಿಗೆಯ ಸುತ್ತ ರಂಗೋಲಿಯ ಎಳೆ ಬಿಡುತ್ತಿದ್ದ ತಾಯಂದಿರು ಮಾಡುತ್ತಿದ್ದುದೂ ಅದನ್ನೇ.

ಇನ್ನು ಸಿಂಗಾರವೇ ಅನಾವಶ್ಯಕವೆ, ಉಣ್ಣುವವನಿಗೆ ರುಚಿ ಸಾಲದೆ ಎಂಬ ಪ್ರಶ್ನೆ. ನಮ್ಮ ಶಿವಾನುಭವ ಶಾಸ್ತ್ರವು ಇಲ್ಲಿ ಬಹು ಸೂಕ್ಷ್ಮವಾದ ಉತ್ತರವನ್ನು ಕೊಡುತ್ತದೆ. ಅರ್ಪಣವು ಮೂರು ತೆರ. ಪದಾರ್ಥದ ರೂಪು ಇಷ್ಟಲಿಂಗಕ್ಕೆ, ರುಚಿ ಪ್ರಾಣಲಿಂಗಕ್ಕೆ, ತೃಪ್ತಿ ಭಾವಲಿಂಗಕ್ಕೆ ಸಲ್ಲುತ್ತದೆ. ಇದನ್ನೇ ಇನ್ನೂ ಬಿಡಿಸಿ, ಆರು ಲಿಂಗಗಳಿಗೆ ಆರು ಮುಖಗಳನ್ನು ಹೇಳುತ್ತಾರೆ. ಮೂಗಿನಲ್ಲಿರುವ ಆಚಾರಲಿಂಗಕ್ಕೆ ಗಂಧ, ನಾಲಗೆಯಲ್ಲಿರುವ ಗುರುಲಿಂಗಕ್ಕೆ ರುಚಿ, ಕಣ್ಣಿನಲ್ಲಿರುವ ಶಿವಲಿಂಗಕ್ಕೆ ರೂಪು, ತ್ವಕ್ಕಿನಲ್ಲಿರುವ ಜಂಗಮಲಿಂಗಕ್ಕೆ ಸ್ಪರ್ಶ, ಕಿವಿಯಲ್ಲಿರುವ ಪ್ರಸಾದಲಿಂಗಕ್ಕೆ ಶಬ್ದ, ಹೃದಯದಲ್ಲಿರುವ ಮಹಾಲಿಂಗಕ್ಕೆ ತೃಪ್ತಿ. ಕಣ್ಣು ಕಂಡ ಚೆಲುವೂ ಅರ್ಪಣಯೋಗ್ಯವೆಂದು ನಮ್ಮ ಹಿರಿಯರು ಒಪ್ಪಿದ್ದರೆಂಬುದನ್ನು ಗಮನಿಸಬೇಕು. ರೂಪನ್ನು ತುಚ್ಛವೆಂದು ಅವರು ತಳ್ಳಲಿಲ್ಲ. ಹಳದಿ ಸೇವಂತಿಗೆಯ ಪಕ್ಕದಲ್ಲಿ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಕಪ್ಪನೆಯ ಗುರೆಳ್ಳು ಚಟ್ನಿ, ಎಣ್ಣೆಗಾಯಿ ಬದನೆಕಾಯಿ, ಬಿಳಿಯ ಗಟ್ಟಿಮೊಸರು ಇವುಗಳನ್ನು ಒಪ್ಪವಾಗಿ ಇರಿಸಿದರೆ ಅದು ರೂಪಿನ ಅರ್ಪಣ. ಆದರೆ ರೂಪು ಮೊದಲನೆಯ ಮೆಟ್ಟಿಲು. ಮೇಜಿನ ಚಿತ್ರವನ್ನು ಮೊಬೈಲಿನಲ್ಲಿ ಹತ್ತು ಕೋನಗಳಿಂದ ತೆಗೆಯುವಷ್ಟರಲ್ಲಿ ರೊಟ್ಟಿ ತಣ್ಣಗಾಗಿ ಅತಿಥಿ ಹಸಿದು ಕುಳಿತರೆ, ರೂಪು ಇದ್ದಲ್ಲಿಯೇ ಉಳಿಯಿತು, ತೃಪ್ತಿಯವರೆಗೆ ಹೋಗಲಿಲ್ಲ. ಆದ್ದರಿಂದ ಸಿಂಗಾರವನ್ನು ಅಳೆಯಲು ಗೃಹಿಣಿಯರಿಗೆ ಒಂದೇ ಅಳತೆಗೋಲು ಸಾಕು: ಇದು ಉಣ್ಣುವವನ ತೃಪ್ತಿಗೆ ಒದಗುತ್ತದೆಯೆ? ಒದಗುವುದಾದರೆ ಅದು ದಾಸೋಹದ ಅಂಗ. ಇಲ್ಲವಾದರೆ ಕೇವಲ ಪ್ರದರ್ಶನ.

ಇಷ್ಟರಮಟ್ಟಿಗೆ ಸೊಸೆಯ ಪಕ್ಷ ಗೆದ್ದಿತು. ಆದರೆ ಅತ್ತೆಯ ಆಕ್ಷೇಪದಲ್ಲಿಯೂ ಸತ್ಯವಿದೆ. ಹೂವಿಗೆ ನಮ್ಮಲ್ಲಿ ಒಂದು ಕ್ರಮವಿದೆ. ಮಹಾಕವಿ ಹರಿಹರನು ಪುಷ್ಪರಗಳೆಯೆಂಬ ಒಂದು ಇಡೀ ಕೃತಿಯನ್ನು ಹೂವೆತ್ತುವ ಕಾಯಕಕ್ಕಾಗಿಯೇ ಮೀಸಲಿರಿಸಿದನು. ಹಂಪೆಯ ವಿರೂಪಾಕ್ಷನಿಗೆ ಹೂವು ತರುವ ಭಕ್ತನು ಗಿಡಗಳೊಡನೆ ನಡೆದುಕೊಳ್ಳುವ ನಯವನ್ನು ಅದರಲ್ಲಿ ಕಾಣಬಹುದು. ಶಿವಶರಣರ ಸಮೂಹದಲ್ಲಿ ಹೂಗಾರ ಮಾದಯ್ಯನವರು ಹೂವಿನ ಕಾಯಕದಿಂದಲೇ ಪೂಜ್ಯರಾದರು. ಇಂತಹ ಪರಂಪರೆಯವರಾದ ನಾವು ಲಿಂಗಕ್ಕೆ ಬಾಡಿದ ಎರಡು ಎಸಳು ಏರಿಸಿ ಮೇಜಿಗೆ ಮಾತ್ರ ಎರಡು ಕೆ.ಜಿ. ಹೂವು ಸುರಿದರೆ ಅದು ಕ್ರಮ ತಪ್ಪಿದ ಸಿಂಗಾರವೇ ಹೌದು. ತಂದ ಹೂವಿನಲ್ಲಿ ಮೊದಲ ಪಾಲು ಲಿಂಗಪೂಜೆಗೆ ತೆಗೆದಿಡಬೇಕು, ಅನಂತರ ಮನೆಯ ಹೆಣ್ಣುಮಕ್ಕಳ ಮುಡಿಗೆ, ಉಳಿದದ್ದು ಮೇಜಿಗೆ. ಪೂಜೆಯಲ್ಲಿ ಏರಿಸಿ ಇಳಿಸಿದ ಹೂವನ್ನು ಮೇಜಿಗೆ ತರಬಾರದು, ಮೇಜಿನಿಂದ ಎತ್ತಿದ್ದನ್ನು ಪೂಜೆಗೆ ಒಯ್ಯಬಾರದು. ಈ ಕ್ರಮವನ್ನು ಪಾಲಿಸಿದರೆ ಅತ್ತೆಯ ಮಾತೂ ನಡೆದಂತಾಯಿತು.

ಇಲ್ಲಿಯೇ ಒಂದು ಎಚ್ಚರಿಕೆ. ಪೂಜೆಗೆ ಸಲ್ಲುವ ಹೂವುಗಳೆಲ್ಲ ಊಟದ ಬಳಿಗೆ ಸಲ್ಲುವುದಿಲ್ಲ. ಕಣಗಿಲೆ, ಎಕ್ಕೆ, ದತ್ತೂರಿ ಈ ಮೂರೂ ಶಿವನಿಗೆ ಪ್ರಿಯವೆನಿಸಿದ ಹೂವುಗಳು, ಮೂರೂ ವಿಷಯುಕ್ತವಾದವು. ಕಣಗಿಲೆಯ ಎಲೆ, ಹೂವು, ಕಾಂಡ ಎಲ್ಲವೂ ವಿಷವೇ. ಮಕ್ಕಳ ಕೈಗೆ ಎಟಕುವ ಮೇಜಿನ ಮೇಲೆ ಇವನ್ನು ಇಡಕೂಡದು. ಸಂಪಿಗೆ, ಸುಗಂಧರಾಜಗಳಂತಹ ತೀಕ್ಷ್ಣ ಪರಿಮಳದ ಹೂವು ಊಟದ ಪಕ್ಕದಲ್ಲಿದ್ದರೆ ತುಪ್ಪದ ಘಮವೂ ತಿಳಿಯುವುದಿಲ್ಲ, ಅವು ಪಡಸಾಲೆಯಲ್ಲಿರಲಿ. ಪೇಟೆಯ ಹೂವಿಗೆ ಔಷಧ ಸಿಂಪಡಿಸಿರುವ ಸಂಭವವುಂಟು. ಆದ್ದರಿಂದ ತೊಳೆದು ನೀರು ಸೋರಿಸಿ, ಪಾತ್ರೆಯಲ್ಲಿಯೇ ಇರಿಸಬೇಕು. ಅನ್ನದ ಮೇಲೆ, ಸಿಹಿಯ ಮೇಲೆ ಎಸಳು ಉದುರಿಸುವ ಹೊಸ ಚಾಳಿ ಒಳ್ಳೆಯದಲ್ಲ. ಜಪಾನಿನ ಚಹಾಗೋಷ್ಠಿಯಲ್ಲಿಯೂ ಉಗ್ರ ಪರಿಮಳದ ಹೂವನ್ನು ವರ್ಜಿಸುತ್ತಾರೆ. ಆ ಕಲೆಯ ಆಚಾರ್ಯನಾದ ಸೆನ್ ನೊ ರಿಕ್ಯುವಿನ (1522–1591) ಬಗೆಗೆ ಒಂದು ಕಥೆಯಿದೆ. ಅವನ ತೋಟದಲ್ಲಿ ಅರಳಿದ ಹೂವುಗಳ ಕೀರ್ತಿ ಕೇಳಿ ನೋಡಲೆಂದು ರಾಜ್ಯದ ಅಧಿಪತಿ ಹಿದೆಯೋಶಿ ಬಂದನಂತೆ. ತೋಟದಲ್ಲಿ ಒಂದು ಹೂವೂ ಇರಲಿಲ್ಲ. ಎಲ್ಲವನ್ನೂ ಕೀಳಿಸಿಬಿಟ್ಟಿದ್ದನು. ಸಿಟ್ಟಾದ ಅತಿಥಿ ಚಹಾದ ಕೋಣೆಯೊಳಗೆ ಕಾಲಿಟ್ಟಾಗ ಅಲ್ಲಿ ಒಂದೇ ಒಂದು ಹೂವು ಇತ್ತಂತೆ. ರಾಶಿಯಲ್ಲಿ ಕಾಣದಿದ್ದುದು ಒಂದರಲ್ಲಿ ಕಂಡಿತು. ನಾವು ತೋಟವನ್ನು ಬರಿದು ಮಾಡಬೇಕಾಗಿಲ್ಲ; ಹತ್ತು ಹೂವು ಸಾಕಾದಲ್ಲಿ ನೂರು ಬೇಡವೆಂಬುದನ್ನು ತಿಳಿದರೆ ಸಾಕು.

ಹೂವಿನ ಮಾತು ತೀರಿತು. ಪಾತ್ರೆಯ ಮಾತು ಇಷ್ಟು ಸುಲಭದ್ದಾಗಿರಲಿಲ್ಲ. ಅಟ್ಟದ ಗೋಣಿ ಇಳಿಸಲು ಏಕೆ ಒಪ್ಪುವುದಿಲ್ಲವೆಂದು ಕೇಳಿದಾಗ ಆ ತಾಯಿ ಬಹಳ ಹೊತ್ತು ಸುಮ್ಮನಿದ್ದರು. ಸೊಸೆ ಒಳಗೆ ಹೋದ ಮೇಲೆ ಮೆಲ್ಲಗೆ ಹೇಳಿದರು: “ಬುದ್ಧೀ, ಅವು ನನ್ನ ತವರಿನವು. ಐದು ಗಂಗಾಳ ಕೊಡೋ ಶಕ್ತಿ ಇತ್ತು ನಮ್ಮಪ್ಪಗೆ, ಐದು ಕೊಟ್ಟ. ಬೀಗರು ಹಂದರದಾಗೇ ಎಣಿಸಿದ್ರು. ಹನ್ನೊಂದು ಇರಬೇಕಿತ್ತು ಅಂದ್ರು. ನಮ್ಮಪ್ಪ ತಲೆ ತಗ್ಗಿಸಿ ನಿಂತಿದ್ದು ಇನ್ನೂ ಕಣ್ಣಾಗೈತಿ. ಅವನ್ನ ಹೊರಗೆ ಇಟ್ರೆ ಮತ್ತೆ ಯಾರೋ ಎಣಿಸ್ತಾರೆ ಅನಿಸ್ತೈತಿ.”

ಹೂವು ಎಂಜಲಾಗುತ್ತದೆಂಬ ಆಕ್ಷೇಪದ ಹಿಂದೆ ನಲವತ್ತು ವರ್ಷಗಳ ಹಿಂದಿನ ಈ ನೋವು ಅಡಗಿತ್ತು. ನಮ್ಮ ಸಮಾಜದ ಎಷ್ಟು ಮನೆಗಳ ಅಟ್ಟಗಳಲ್ಲಿ ಇಂತಹ ಗೋಣಿಗಳಿವೆಯೋ! ಪಾತ್ರೆಯ ಅಂಚಿನಲ್ಲಿ ತಂದೆಯ ಹೆಸರು, ಊರು, ಮದುವೆಯ ತಾರೀಖು ಕೆತ್ತಿಸಿರುತ್ತಾರೆ. ಮಗಳಿಗೆ ಅದು ತವರಿನ ಗುರುತು. ಅದನ್ನೇ ಬೀಗರು ಲೆಕ್ಕದ ಪುಸ್ತಕವಾಗಿ ಓದಿದಾಗ ಪ್ರೀತಿಯ ಕಾಣಿಕೆ ಸಾಲದ ಪತ್ರವಾಗುತ್ತದೆ. ವರದಕ್ಷಿಣೆಯನ್ನು ನಿಷೇಧಿಸಿದ ಕಾಯಿದೆ 1961ರಲ್ಲಿಯೇ ಬಂದಿದೆ. ಕಾಯಿದೆಗೆ ಎಂಟು ಶತಮಾನಗಳ ಮೊದಲೇ ಆಯ್ದಕ್ಕಿ ಲಕ್ಕಮ್ಮನವರು ಹೆಚ್ಚಿನದನ್ನು ಮನೆಯೊಳಗೆ ಬರಗೊಡಬಾರದೆಂದು ತೋರಿಸಿಕೊಟ್ಟಿದ್ದರು. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಪತಿ ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಬೇಕಾದದ್ದಕ್ಕಿಂತ ಮಿಗಿಲಾದುದು ನಮ್ಮದಲ್ಲ, ಇದ್ದಲ್ಲಿಗೇ ಸುರಿದು ಬನ್ನಿರೆಂದು ಆ ಮಹಾತಾಯಿ ಹಿಂದಕ್ಕೆ ಕಳುಹಿಸಿದರು. ಆ ಲಕ್ಕಮ್ಮನ ಹೆಸರನ್ನು ಹೆಣ್ಣುಮಕ್ಕಳಿಗೆ ಇಡುವ ನಾವು, ಸೊಸೆ ತಂದ ಗಂಗಾಳಗಳನ್ನು ಎಣಿಸಬಹುದೆ?

ಆ ತಾಯಿಗೆ ನಾವು ಹೇಳಿದ್ದು ಇಷ್ಟೇ: “ತಾಯೀ, ಎಣಿಸಿದವರ ಕಣ್ಣಿಗೆ ಹೆದರಿ ನಿಮ್ಮ ತಂದೆಯ ಹೆಸರನ್ನು ನೀವೇ ಅಟ್ಟದ ಕತ್ತಲೆಯಲ್ಲಿ ಇಟ್ಟಿದ್ದೀರಿ. ಅವರು ಕೊಟ್ಟದ್ದು ನೀವು ಉಣ್ಣಲೆಂದು, ನಾಲ್ಕು ಮಂದಿಗೆ ಉಣಬಡಿಸಲೆಂದು. ಒಂದು ಹೊತ್ತಾದರೂ ಅದರಲ್ಲಿ ಪ್ರಸಾದವಾಗಲಿ.” ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಸಂಕ್ರಾಂತಿಯ ದಿನ ಹೋದಾಗ ಮೇಜಿನ ಮೇಲೆ ಐದು ಕಂಚಿನ ಗಂಗಾಳಗಳಿದ್ದವು. ಹುಣಸೆಹಣ್ಣಿನಿಂದ ತಿಕ್ಕಿ ಹೊಳಪು ಬರಿಸಿದ್ದರು. ಮಂದಿ ಹನ್ನೊಂದು, ಉಳಿದ ಆರರಲ್ಲಿ ನಾಲ್ಕು ಹೆಸರು ಕೆತ್ತಿಸಿದ ಸ್ಟೀಲ್ ತಾಟುಗಳು, ಎರಡು ಪಿಂಗಾಣಿಯವು. ಒಂದರಂತೆ ಒಂದಿರಲಿಲ್ಲ. ನಡುವೆ ಹಿತ್ತಾಳೆಯ ಪರಾತದಲ್ಲಿ ನೀರು ತುಂಬಿ ಹಳದಿ ಮತ್ತು ಬಿಳಿಯ ಸೇವಂತಿಗೆಯನ್ನು ತೇಲಿಬಿಟ್ಟಿದ್ದರು. ಕುಳಿತವರು ಒಬ್ಬರ ಮುಖ ಒಬ್ಬರು ನೋಡಲು ಹೂವು ಅಡ್ಡವಾಗಿರಲಿಲ್ಲ. ಕಂಚಿನ ಐದು ಗಂಗಾಳ ಯಾರಿಗೆಂಬ ಪ್ರಶ್ನೆ ಬಂದಾಗ ಆ ಹಿರಿಯರೇ ಮುಂದೆ ಬಂದು ಮೊದಲನೆಯದರ ಮುಂದೆ, ಅವರ ಮನೆಯಲ್ಲಿ ಅನೇಕ ವರ್ಷಗಳಿಂದ ಪಾತ್ರೆ ತಿಕ್ಕುವ ಹೆಣ್ಣುಮಗಳನ್ನು ಕೈಹಿಡಿದು ಕೂರಿಸಿದರು. ಹಿಂದಿನ ಸಂಜೆ ಆ ಗಂಗಾಳಗಳನ್ನು ಬೆಳಗಿದವಳು ಅವಳೇ. ಉಳಿದ ನಾಲ್ಕು ಮಕ್ಕಳಿಗೆ. ನಮಗೆ ಸ್ಟೀಲ್ ತಾಟು ಬಂದಿತು. ಅದರಲ್ಲಿ ಉಂಡ ಮಾದಲಿಯ ರುಚಿ ಯಾವ ಬೆಳ್ಳಿಯ ತಳಿಗೆಗೂ ಕಡಿಮೆಯಿರಲಿಲ್ಲ. ಗಂಗಾಳಗಳನ್ನು ಅಂದು ಯಾರೂ ಎಣಿಸಲಿಲ್ಲ.

ಹಳೆಯ ಪಾತ್ರೆಗಳನ್ನು ಬಳಕೆಗೆ ತರಬಯಸುವ ತಾಯಂದಿರಿಗೆ ಕೆಲವು ಲೋಹದ ಮಾತುಗಳು. ಕಂಚು ತಾಮ್ರ ಮತ್ತು ತವರಗಳ ಮಿಶ್ರಣ. ಊಟದ ಕಂಚಿನಲ್ಲಿ ಸುಮಾರು ಐದರಲ್ಲೊಂದು ಪಾಲು ತವರವಿರುತ್ತದೆ. ಆದ್ದರಿಂದಲೇ ಬಡಿದರೆ ಗಂಟೆಯಂತೆ ನುಡಿಯುತ್ತದೆ, ಕೈತಪ್ಪಿ ಬಿದ್ದರೆ ಬಿರಿಯುತ್ತದೆ. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಣ. ಮೊಸರು, ಮಜ್ಜಿಗೆ, ಹುಣಸೆಯ ಹುಳಿ ಇವು ತಾಮ್ರ ಹಿತ್ತಾಳೆಗಳಲ್ಲಿ ನಿಂತರೆ ಕಿಲುಬುತ್ತವೆ. ಆ ಊಟ ಹೊಟ್ಟೆಗೆ ಕೇಡು. ಒಳಗೆ ಕಲಾಯಿ ಹಾಕಿಸಿದ್ದರೆ ಮಾತ್ರ ಅವುಗಳಲ್ಲಿ ಅಡುಗೆ ಮಾಡಬಹುದು. ಕಲಾಯಿ ಹೋದ ಪಾತ್ರೆಯನ್ನು ಬಿಸಾಡಬೇಕಾಗಿಲ್ಲ; ಅದು ಹೂವಿಗೆ, ದೀಪಕ್ಕೆ ಸಲ್ಲುತ್ತದೆ. ಹುಳಿ ಪದಾರ್ಥಗಳಿಗೆ ಪಿಂಗಾಣಿ ಅಥವಾ ಸ್ಟೀಲ್ ಬಟ್ಟಲು ಉತ್ತಮ. ತುಕ್ಕು ಹಿಡಿಯದ ಉಕ್ಕು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 1913ರಲ್ಲಿ ಸಿದ್ಧವಾದದ್ದು. ಅದು ನಮ್ಮ ಅಡುಗೆಮನೆಗಳನ್ನು ಹೊಕ್ಕ ಕಾಲದಲ್ಲಿ ಎಷ್ಟೋ ಮನೆಯವರು ಅಜ್ಜಿಯರ ಕಂಚು ಹಿತ್ತಾಳೆಗಳನ್ನು ತೂಕಕ್ಕೆ ಹಾಕಿ ಸ್ಟೀಲ್ ತಂದರು. ಸ್ಟೀಲಿನ ಉಪಕಾರ ದೊಡ್ಡದೇ. ಆದರೆ ಉಳಿದಿರುವ ನಾಲ್ಕು ಹಳೆಯ ಪಾತ್ರೆಗಳನ್ನಾದರೂ ಇನ್ನು ತೂಕಕ್ಕೆ ಹಾಕಬೇಡಿ. ಹಾಗೆಯೇ ಜೋಡಿ ಪೂರ್ಣವಾಗಲಿಲ್ಲವೆಂದು ಹೊಸದಾಗಿ ಕೊಂಡು ತುಂಬಲೂ ಬೇಡಿ. ತವರಿನದೊಂದು, ಅಜ್ಜಿಯದೊಂದು, ಜಾತ್ರೆಯಲ್ಲಿ ಕೊಂಡದ್ದೊಂದು, ಹೀಗೆ ಬೇರೆ ಬೇರೆ ಕಡೆಯಿಂದ ಕೂಡಿಬಂದ ಪಾತ್ರೆಗಳ ಪಂಕ್ತಿಯು ಬೇರೆ ಬೇರೆ ಕಾಯಕಗಳಿಂದ ಬಂದ ಶರಣರ ಪಂಕ್ತಿಯಂತೆಯೇ ಶೋಭಿಸುತ್ತದೆ.

ಮೇಜಿಲ್ಲದ ಮನೆಯವರು ಈ ಮಾತು ತಮಗಲ್ಲವೆಂದು ತಿಳಿಯಬಾರದು. ಸಂಕ್ರಾಂತಿಯಂದು ದಾವಣಗೆರೆಯಿಂದ ಸುಮಾರು 14 ಕಿ.ಮೀ. ದೂರದ ಹರಿಹರಕ್ಕೆ ಎಷ್ಟೋ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೋಗುತ್ತವೆ. ತುಂಗಭದ್ರೆಯಲ್ಲಿ ಮಿಂದು, 1224ರಲ್ಲಿ ಹೊಯ್ಸಳರ ದಂಡನಾಯಕ ಪೊಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇಗುಲವನ್ನು ಕಂಡು, ಹೊಳೆಯ ದಂಡೆಯಲ್ಲಿ ಕಂಬಳಿ ಹಾಸಿ ಬುತ್ತಿ ಬಿಚ್ಚುತ್ತಾರೆ. ಆ ಕಂಬಳಿಯೇ ಅವರ ಮೇಜು. ರೊಟ್ಟಿಯ ಗಂಟಿನ ಪಕ್ಕದಲ್ಲಿ ಮಗುವೊಂದು ತಂದಿಟ್ಟ ಕಾಡುಹೂವು ಅಲ್ಲಿಯ ಸಿಂಗಾರ. ಪಕ್ಕದ ಕಂಬಳಿಯವರಿಗೂ ಒಂದು ರೊಟ್ಟಿ, ಒಂದಿಷ್ಟು ಕಾಳುಪಲ್ಯ ದಾಟಿಸದೆ ಯಾರೂ ಉಣ್ಣುವುದಿಲ್ಲ. ಆದರೆ ಅಲ್ಲಿಯೂ ಒಂದು ಜವಾಬ್ದಾರಿಯಿದೆ. ಹೂವನ್ನೂ ತಟ್ಟೆಯನ್ನೂ ಹೊಳೆಗೆ ಎಸೆದು ಬರಬಾರದು. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನೂ ಅಲಂಕಾರದ ಥರ್ಮೋಕೋಲನ್ನೂ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧಿಸಲಾಗಿದೆ. ಮುತ್ತುಗದ ಎಲೆಯೋ ಮನೆಯ ತಾಟೋ ಒಯ್ದರೆ ಕಾಯಿದೆಯೂ ಉಳಿಯಿತು, ಹೊಳೆಯೂ ಉಳಿಯಿತು. ಹೂವು ಮನೆಗೆ ಮರಳಿ ಗಿಡದ ಬುಡ ಸೇರಲಿ. ಮಣ್ಣಿನಿಂದ ಬಂದದ್ದು ಮಣ್ಣಿಗೆ.

ಕಡೆಯದಾಗಿ ಒಂದು ಮಾತು. ಸೇವಂತಿಗೆಯ ಮೂಲ ಚೀನಾ ದೇಶ; ಚೆಂಡುಹೂವಿನ ಮೂಲ ಮೆಕ್ಸಿಕೋ. ಎಲ್ಲಿಯೋ ಹುಟ್ಟಿದ ಈ ಹೂವುಗಳು ಇಂದು ನಮ್ಮ ಲಿಂಗಪೂಜೆಯಲ್ಲಿ ಸಹಜವಾಗಿ ಸೇರಿಹೋಗಿವೆ. ಅನ್ಯದೆಂದು ಅವನ್ನು ನಮ್ಮ ಹಿರಿಯರು ದೂಡಲಿಲ್ಲ. ಅರ್ಪಿಸಿ ತಮ್ಮದು ಮಾಡಿಕೊಂಡರು. ಊಟದ ಮೇಜಿಗೂ ಇದೇ ನ್ಯಾಯ. ಮನೆಗೆ ಬಂದ ಸೊಸೆಗೂ ಇದೇ ನ್ಯಾಯ. ಅವಳು ಎಷ್ಟು ತಂದಳೆಂದು ನೋಡುವ ಮನೆಯಲ್ಲಿ ಎಷ್ಟು ಹೂವಿಟ್ಟರೂ ಮೇಜು ಬರಿದು. ಈ ಮಾಗಿ ಮುಗಿಯುವುದರೊಳಗೆ ಒಂದು ದಿನ ನಿಮ್ಮ ಅಟ್ಟದ ಗೋಣಿಯನ್ನು ಬಿಚ್ಚಿರಿ. ಪಾತ್ರೆಯ ಮೇಲಿನ ಹೆಸರನ್ನು ಮಕ್ಕಳಿಂದ ಓದಿಸಿ, ಅವರು ಯಾರೆಂದು ಹೇಳಿರಿ. ಲಿಂಗಕ್ಕೆ ಏರಿಸಿ ಉಳಿದ ನಾಲ್ಕು ಹೂವು ನಡುವೆ ಇಟ್ಟು, ಹಸಿದವರೊಬ್ಬರನ್ನು ಜೊತೆಗೆ ಕರೆದು ಉಣ್ಣಿರಿ. ಮನೆ ಮನೆಯಲ್ಲಿಯೂ ಹೀಗೆ ರೂಪು ರುಚಿಯಾಗಿ, ರುಚಿ ತೃಪ್ತಿಯಾಗಲೆಂದು ಬಸವಾದಿ ಪ್ರಮಥರಲ್ಲಿ ಪ್ರಾರ್ಥಿಸುತ್ತೇವೆ.